ಮಗಳ ಅರ್ಜಿಯಲ್ಲಿ ನನ್ನ ಅಡ್ಡಗೆರೆ

ಸೌದಿಯ ಅಲ್ ಖಫ್ಜಿಯಲ್ಲಿ ಎಣ್ಣೆ ಕ್ಷೇತ್ರದ ಗೇಟು ದಾಟಬೇಕಾದರೆ ಮೊದಲು ನನ್ನ ಮೇಜು ದಾಟಬೇಕು. ಇದು ಜಂಬದ ಮಾತಲ್ಲ. ಜಂಬ ಇದ್ದರೂ ಸ್ವಲ್ಪವೇ, ಇಪ್ಪತ್ತೆಂಟು ವರ್ಷದ ಕೆಲಸಕ್ಕೆ ಅಷ್ಟು ಸಲ್ಲುತ್ತದೆ. ನಾನಿರುವುದು ಒಂದು ಗುತ್ತಿಗೆ ಕಂಪನಿಯಲ್ಲಿ. ವೆಲ್ಡರ್, ಫಿಟ್ಟರ್, ಅಡುಗೆಯವರು, ಎಂಜಿನಿಯರುಗಳು, ಯಾರೇ ಬರಲಿ, ಅವರ ಭದ್ರತಾ ಪರಿಶೀಲನೆಯ ಅರ್ಜಿ ತುಂಬಿಸಿ, ಫೈಲು ಕಟ್ಟಿ, ಗೇಟಿನ ಕಚೇರಿಗೆ ಒಯ್ದು, ತಸ್ರೀಹ್ ಎಂಬ ಪ್ರವೇಶ ಚೀಟಿ ಕೈಗೆ ಬರುವ ತನಕ ಬೆನ್ನು ಹತ್ತುವುದು ನನ್ನ ಕೆಲಸ. ನಮ್ಮ ಜಿಲ್ಲೆಯ ಹುಡುಗರು ಹೊಸದಾಗಿ ಬಂದಿಳಿದರೆ, ವೀಸಾ ಕೊಟ್ಟು ಕರೆಸಿದ ಕಫೀಲನ ಹೆಸರು ಕೇಳುವ ಮೊದಲು ನನ್ನ ಹೆಸರು ಕೇಳುತ್ತಾರೆ.

ಈ ಕೆಲಸದಲ್ಲಿ ನನ್ನದೊಂದು ಪದ್ಧತಿ ಇದೆ. ಕೇಳಿದ್ದಕ್ಕೆ ಚುಟುಕಾಗಿ ಉತ್ತರ ಕೊಡಬೇಕು, ಕೇಳದ್ದನ್ನು ಎತ್ತಲೇಬಾರದು, ಅನುಮಾನ ಬಂದ ಕಾಲಮಿಗೆ ಒಂದು ಅಡ್ಡಗೆರೆ. ಖಾಲಿ ಬಿಟ್ಟರೆ ಫೈಲು ವಾಪಸು ಬರುತ್ತದೆ. ಅಡ್ಡಗೆರೆ ಎಳೆದರೆ, ಇವನು ಓದಿದ್ದಾನೆ, ಹೇಳುವಂಥದ್ದು ಏನೂ ಇಲ್ಲ ಎಂದು ಆಚೆಯವರಿಗೆ ಸಮಾಧಾನವಾಗುತ್ತದೆ. ಆ ಅರ್ಜಿಯಲ್ಲಿ ‘ಹಿಂದಿನ ರಾಷ್ಟ್ರೀಯತೆ, ಇದ್ದರೆ’ ಎಂಬ ಕಾಲಮೊಂದಿದೆ. ಅದರಲ್ಲಿ ನಾನು ಇಷ್ಟು ವರ್ಷ ಎಳೆದ ಗೆರೆಗಳನ್ನು ಒಂದಕ್ಕೊಂದು ಜೋಡಿಸಿದರೆ ಕುವೈತಿನ ಗಡಿ ಮುಟ್ಟಬಹುದು. ಗಡಿ ಇಲ್ಲಿಂದ ದೂರವೇನಿಲ್ಲ ಅನ್ನಿ.

ಮನೆಯಲ್ಲಿಯೂ ನನ್ನದು ಅದೇ ಚಾಳಿ. ಬೆಡ್‌ರೂಮಿನ ಕಪಾಟಿನಲ್ಲಿ ಮಗಳದೇ ಒಂದು ನೀಲಿ ಫೈಲು ಇದೆ. ಮಂಗಳೂರಿನಲ್ಲಿ ಹುಟ್ಟಿ ಆರು ತಿಂಗಳಿಗೆ ಇಲ್ಲಿಗೆ ಬಂದವಳು. ಆವತ್ತಿನ ವೀಸಾದಿಂದ ಹಿಡಿದು, ಚುಚ್ಚುಮದ್ದಿನ ಕಾರ್ಡು, ಶಾಲೆಯ ಅಂಕಪಟ್ಟಿ, ರದ್ದಾದ ಎರಡು ಪುಟ್ಟ ಪಾಸ್‌ಪೋರ್ಟು, ಇಕಾಮಾ ಎಂಬ ಪ್ರತಿವರ್ಷದ ವಾಸದ ಪರವಾನಗಿ, ಎಲ್ಲವೂ ತಾರೀಖಿನ ಪ್ರಕಾರ ಅದರಲ್ಲಿ ಕೂತಿವೆ. ಓದಲು ಹೊರಗೆ ಹೋದಮೇಲೆ ಅವಳು ರಜೆಗೆ ಬಂದಾಗಲೆಲ್ಲ, ಬಂದ ಮರುದಿನವೇ ಅವಳ ಪಾಸ್‌ಪೋರ್ಟನ್ನು ಆಫೀಸಿಗೆ ಒಯ್ದು ಹೊಸ ಮುದ್ರೆಯ ಪುಟದ ನಕಲು ತೆಗೆದುಕೊಂಡು ಬರುತ್ತಿದ್ದೆ. ಬೇರೆ ಗಂಡಸರ ಪರ್ಸಿನಲ್ಲಿ ಮಕ್ಕಳ ಫೋಟೋ ಇರುತ್ತದೆ, ನಿಮ್ಮ ಹತ್ತಿರ ಝೆರಾಕ್ಸ್ ಇರುತ್ತದೆ ಎಂದು ನನ್ನ ಹೆಂಡತಿ ನಗಾಡುತ್ತಿದ್ದಳು. ನಗಲಿ. ಝೆರಾಕ್ಸ್ ತೋರಿಸಿದರೆ ಬಾಗಿಲು ತೆರೆಯುತ್ತದೆ, ಫೋಟೋ ತೋರಿಸಿದರೆ ಯಾರೂ ತೆರೆಯುವುದಿಲ್ಲ.

ಹತ್ತನೇ ಕ್ಲಾಸಿನ ತನಕ ಮಗಳು ಇಲ್ಲೇ ಇದ್ದಳು. ಪಿಯುಸಿಗೆ ಮಂಗಳೂರಿನ ಹಾಸ್ಟೆಲು, ಆಮೇಲೆ ಕೆನಡಾ. ಓದು ಮುಗಿದು ಅಲ್ಲೇ ಕೆಲಸವಾಯಿತು, ಕಾಯಂ ವಾಸದ ಪತ್ರ ಬಂತು, ಇಪ್ಪತ್ತೈದು ತುಂಬುವ ಹೊತ್ತಿಗೆ ಅಲ್ಲಿನ ಪೌರತ್ವವೂ ಸಿಕ್ಕಿತು. ಪ್ರಮಾಣವಚನ ತೆಗೆದುಕೊಂಡ ದಿನ ವಿಡಿಯೋದಲ್ಲಿ ನಮಗೆ ತೋರಿಸಿದಳು. ನನಗೆ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಖರ್ಜೂರದ ಡಬ್ಬಿ ಹಂಚಿ, ಅವರ ‘ಮಬ್ರೂಕ್’ ಎಂಬ ಅಭಿನಂದನೆ ಪಡೆದುಕೊಂಡೆ.

ಎಡವಟ್ಟು ಆದದ್ದು ಅದರ ಮರುವಾರ. ನಮ್ಮ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಬೇರೆ ದೇಶದ ಪೌರನಾದ ಗಳಿಗೆಯಿಂದ ಭಾರತದ ಪೌರತ್ವ ತಾನಾಗಿ ಹೋಗುತ್ತದೆ, ಭಾರತದ ಪಾಸ್‌ಪೋರ್ಟನ್ನು ವಾಪಸು ಒಪ್ಪಿಸಬೇಕು, ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಜನರಿಗೆ ನಾನೇ ಹೇಳಿಕೊಟ್ಟದ್ದು. ಮಗಳು ಫೋನು ಮಾಡಿ, ಪಾಸ್‌ಪೋರ್ಟು ಒಪ್ಪಿಸಲು ಅಪಾಯಿಂಟ್‌ಮೆಂಟು ತೆಗೆದುಕೊಳ್ಳುತ್ತೇನೆ ಎಂದಾಗ, ಈಗ ಬೇಡ ಎಂದುಬಿಟ್ಟೆ. ಅವಳ ಇಕಾಮಾ ಇರುವುದು ಆ ಪಾಸ್‌ಪೋರ್ಟಿನ ಮೇಲೆ. ಪಾಸ್‌ಪೋರ್ಟು ಹೋದರೆ ಇಕಾಮಾ ಹೋಗುತ್ತದೆ, ಇಕಾಮಾ ಹೋದರೆ ನಮ್ಮ ಮನೆಗೆ ಬರಲು ಅವಳು ವೀಸಾ ಕೇಳಬೇಕು. ನನ್ನ ಕೆಲಸ ಇಲ್ಲಿ ಇರುವ ತನಕ ಅದೊಂದು ಇರಲಿ ಎಂದೆ. ಗಲ್ಫಿನಲ್ಲಿ ಹೀಗೆ ಎರಡೂ ಪಾಸ್‌ಪೋರ್ಟು ಇಟ್ಟುಕೊಂಡವರು ಬೇಕಾದಷ್ಟು ಜನ, ಯಾರಿಗೆ ಏನಾಗಿದೆ ಎಂದೂ ಸೇರಿಸಿದೆ.

ಇದೆಲ್ಲ ಹೊರಗಿನ ಕಾರಣ. ಒಳಗಿನದನ್ನೂ ಬರೆದುಬಿಡುತ್ತೇನೆ. ಇಲ್ಲಿನ ಸರ್ಕಾರದ ಆ್ಯಪ್ ತೆರೆದರೆ ನನ್ನ ಹೆಸರಿನ ಕೆಳಗೆ ನನ್ನ ಆಶ್ರಿತರ ಪಟ್ಟಿ ಬರುತ್ತದೆ. ಹೆಂಡತಿ, ಮಗಳು, ಇಬ್ಬರೇ. ಅವಳು ಹದಿನಾರಕ್ಕೆ ಮನೆ ಬಿಟ್ಟಮೇಲೆ ನಾನು ಆ ಪಟ್ಟಿಯನ್ನು ಸುಮ್ಮನೆ ತೆರೆದು ನೋಡಿದ್ದು ಎಷ್ಟೋ ಸಲ. ಅಲ್ಲಿಂದ ಅವಳ ಹೆಸರು ತೆಗೆಯಲು ನನಗೆ ಮನಸ್ಸಿರಲಿಲ್ಲ.

ಮಗಳು ನನ್ನ ಮಾತು ಕೇಳಿದಳು. ಮುಂದಿನ ಎರಡು ರಜೆಯಲ್ಲಿ ಭಾರತದ ಪಾಸ್‌ಪೋರ್ಟು ತೋರಿಸಿ ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಇಳಿದಳು, ಅದೇ ಪಾಸ್‌ಪೋರ್ಟಿನಲ್ಲಿ ಹೊರಬಿದ್ದು, ಕೆನಡಾ ಮುಟ್ಟಿದಮೇಲೆ ಅಲ್ಲಿನದನ್ನು ತೋರಿಸಿದಳು. ಎರಡೂ ಸಲದ ಮುದ್ರೆಯ ನಕಲು ನೀಲಿ ಫೈಲಿನಲ್ಲಿ ಕೂತಿತು. ಏನೂ ಆಗಲಿಲ್ಲ. ನಾನು ಹೇಳಿದ ಹಾಗೇ ಆಯಿತಲ್ಲ ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ.

ಕಳೆದ ವರ್ಷ ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಊಟಕ್ಕೆ ಕೂತಾಗ ಮಗಳ ಫೋನು ಬಂತು. ಅಲ್ಲಿ ಆಗ ಬೆಳಿಗ್ಗೆ. ಅಲ್ಲಿನ ಸರ್ಕಾರದ ಒಂದು ಇಲಾಖೆಯಲ್ಲಿ ಅವಳಿಗೆ ಕೆಲಸ ಸಿಗುವುದರಲ್ಲಿತ್ತು. ಕಂಪ್ಯೂಟರ್ ರಕ್ಷಣೆಗೆ ಸಂಬಂಧಿಸಿದ್ದು ಎಂದಷ್ಟೇ ನಮಗೆ ಅರ್ಥವಾದದ್ದು. ಪರೀಕ್ಷೆ, ಸಂದರ್ಶನ ಎಲ್ಲ ಮುಗಿದಿತ್ತು. ಉಳಿದದ್ದು ಸೆಕ್ಯುರಿಟಿ ಕ್ಲಿಯರೆನ್ಸ್ ಒಂದೇ. ಅದು ಸಿಕ್ಕಿದರೆ ಕೆಲಸ, ಸಿಗದಿದ್ದರೆ ಇಲ್ಲ. ಒಂದು ಸಲ ತಿರಸ್ಕಾರವಾದರೆ ಸರ್ಕಾರದ ಇಂಥ ಬೇರೆ ಕೆಲಸದ ಆಸೆಯನ್ನೂ ಬಿಟ್ಟಂತೆಯೇ ಎಂದಳು. ಅವಳು ನಾಲ್ಕು ವರ್ಷದಿಂದ ಇದಕ್ಕೇ ಕಾದಿದ್ದಳು.

ಭದ್ರತಾ ಪರಿಶೀಲನೆ ಎಂದ ಕೂಡಲೇ ನನಗೆ ಉತ್ಸಾಹ ಬಂತು. ಇಷ್ಟು ವರ್ಷ ಊರಿನವರಿಗೆಲ್ಲ ಮಾಡಿಕೊಟ್ಟದ್ದು ಈಗ ಮನೆಗೇ ಉಪಯೋಗಕ್ಕೆ ಬರುತ್ತದಲ್ಲ. ಅರ್ಜಿಯನ್ನು ಒಂದೊಂದೇ ಪುಟ ಓದು ಎಂದೆ. ಹತ್ತು ವರ್ಷದ ವಿಳಾಸಗಳು, ತಾರೀಖು ಸಮೇತ. ನನ್ನ ಹತ್ತಿರ ಇವೆ. ತಂದೆ ತಾಯಿಯ ಕೆಲಸ, ವಾಸ. ಇದೆ. ಆಮೇಲೆ ಬಂತು ಆ ಪುಟ. ಈಗಿರುವ ಎಲ್ಲ ಪೌರತ್ವಗಳು, ಹಿಂದೆ ಇದ್ದವು, ಇಟ್ಟುಕೊಂಡಿರುವ ಎಲ್ಲ ಪಾಸ್‌ಪೋರ್ಟುಗಳು, ಐದು ವರ್ಷದಲ್ಲಿ ಮಾಡಿದ ವಿದೇಶ ಪ್ರಯಾಣ, ಯಾವ ಪಾಸ್‌ಪೋರ್ಟಿನಲ್ಲಿ ಮಾಡಿದ್ದು.

ನಮ್ಮ ಮನೆಯ ಮಾತು ಬ್ಯಾರಿ, ಅಪ್ಪನನ್ನು ಅಬ್ಬಾ ಎಂದು ಕರೆಯುವುದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರ್ಥ ಬದಲಾಗಿಲ್ಲ.

“ಪೌರತ್ವ ಕೆನಡಾ ಅಂತ ಬರಿ. ಹಿಂದಿನದು ಭಾರತ. ಪಾಸ್‌ಪೋರ್ಟಿನ ಆ ಕಾಲಮಿಗೆ ಒಂದು ಅಡ್ಡಗೆರೆ ಹಾಕು, ಸಾಕು,” ಎಂದೆ.

“ಅಡ್ಡಗೆರೆ ಹಾಕಿದರೆ ಕಂಪ್ಯೂಟರ್ ಮುಂದಿನ ಪುಟಕ್ಕೆ ಹೋಗುವುದಿಲ್ಲ ಅಬ್ಬಾ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಒತ್ತಬೇಕು.”

ಇಲ್ಲ ಎಂದು ಒತ್ತು ಎಂದೆ. ಪಾಸ್‌ಪೋರ್ಟನ್ನು ಈ ವಾರವೇ ಒಪ್ಪಿಸಿಬಿಡು, ಆಮೇಲೆ ಇಲ್ಲ ಎಂದರೆ ಸುಳ್ಳೇನೂ ಆಗುವುದಿಲ್ಲ ಎಂದು ಬುದ್ಧಿ ಹೇಳಿದೆ. ಪ್ರಯಾಣದ ಪ್ರಶ್ನೆಗೆ ಏನು ಮಾಡುವುದು ಎಂದು ಅವಳು ಕೇಳಿದಳು. ಇಕಾಮಾ ಇದ್ದ ಮಗಳು ತಂದೆಯ ಮನೆಗೆ ಬಂದದ್ದು ಪ್ರಯಾಣವೇ ಅಲ್ಲ ಎಂದು ವಾದ ಮಾಡಿದೆ. ನನಗೆ ಕೋಪ ಮೂಗಿನ ತುದಿಯಲ್ಲಿಯೇ ಇರುವುದು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ ಮಾಡಿದವನಿಗೆ ನೀನು ಕಲಿಸಬೇಡ ಎಂದೂ ಅಂದೆ.

ಅವಳು ದನಿ ಎತ್ತಲಿಲ್ಲ. ಎರಡು ದೇಶದ ಪೌರತ್ವ ಇದ್ದವರೂ ಅವಳ ಜೊತೆ ಆಯ್ಕೆಯಾಗಿದ್ದಾರಂತೆ. ಎರಡು ಇದೆ ಎಂಬ ಕಾರಣಕ್ಕೆ ಯಾರನ್ನೂ ಕೈಬಿಡುವುದಿಲ್ಲವಂತೆ, ಇದ್ದದ್ದನ್ನು ಹೇಳಬೇಕು ಅಷ್ಟೇ. ಅವಳ ಕಷ್ಟ ಬೇರೆ. ಎರಡನೆಯದು ಇಲ್ಲದಿದ್ದರೂ ಇದ್ದ ಹಾಗೆ ಎರಡು ಸಲ ನಡೆದುಕೊಂಡಿದ್ದಾಳೆ.

“ನಾನು ಕಾಯ್ದೆಯಲ್ಲಿ ಎರಡು ದೇಶದವಳಲ್ಲ ಅಬ್ಬಾ. ಆದರೆ ಅವರು ನೋಡುವಾಗ, ಒಂದು ದೇಶಕ್ಕೆ ಪ್ರಮಾಣ ಮಾಡಿ ಇನ್ನೊಂದು ದೇಶದ ಪುಸ್ತಕ ಜೇಬಿನಲ್ಲಿ ಇಟ್ಟುಕೊಂಡವಳು. ಅದನ್ನು ನಾನೇ ಹೇಳಿದರೆ ಒಂದು. ಅವರಾಗಿ ಹುಡುಕಿದರೆ ಇನ್ನೊಂದು,” ಎಂದು ಹೇಳಿ, ಆಫೀಸಿಗೆ ಹೊತ್ತಾಯಿತು ಎಂದು ಫೋನಿಟ್ಟಳು.

ಹೆಂಡತಿ ತಟ್ಟೆ ಎತ್ತುತ್ತ, “ಆ ಎಂಜಿನಿಯರಿನ ಕಥೆ ನೀವೇ ಎಲ್ಲರಿಗೆ ಹೇಳುವುದಲ್ವಾ?” ಎಂದಳು.

ಆ ಕಥೆ ಇಷ್ಟು. ಹತ್ತು ಹನ್ನೆರಡು ವರ್ಷದ ಹಿಂದೆ ಒಬ್ಬ ಎಂಜಿನಿಯರನ ಫೈಲು ಕೊಟ್ಟಿದ್ದೆ. ಅವನ ಹತ್ತಿರ ಎರಡು ದೇಶದ ಪಾಸ್‌ಪೋರ್ಟು ಇತ್ತು. ನನಗೆ ಒಂದನ್ನೇ ತೋರಿಸಿದ್ದ. ಫೈಲು ತಿರಸ್ಕಾರವಾಯಿತು. ಗೇಟಿನ ಕಚೇರಿಯಲ್ಲಿ ಒಬ್ಬರು ಸೌದಿ ಅಧಿಕಾರಿ ಇದ್ದಾರೆ. ಬಿಳಿ ಗಡ್ಡ, ದಪ್ಪ ಕನ್ನಡಕ, ನಾನು ಈ ಕೆಲಸಕ್ಕೆ ಸೇರಿದಂದಿನಿಂದ ನನ್ನ ಫೈಲು ಓದುತ್ತಿರುವವರು. ಅವರನ್ನು ಕೇಳಿದೆ, ಎರಡು ಪಾಸ್‌ಪೋರ್ಟು ಇದ್ದದ್ದೇ ತಪ್ಪಾಯಿತೇ ಎಂದು. ಅವರು ತಲೆ ಅಲ್ಲಾಡಿಸಿ, ಎರಡು ಇರುವವರನ್ನು ಎಷ್ಟೋ ಜನರನ್ನು ಒಳಗೆ ಬಿಟ್ಟಿದ್ದೇನೆ, ಇವನ ಎರಡನೆಯದು ನನಗೆ ಇವನ ಬಾಯಿಂದ ಗೊತ್ತಾಗಲಿಲ್ಲ, ಅಷ್ಟೇ ಎಂದಿದ್ದರು. ಹೊಸಬರಿಗೆ ಬುದ್ಧಿ ಹೇಳುವಾಗ ನಾನು ಈ ಕಥೆಯನ್ನು ಉಪ್ಪು ಖಾರ ಸೇರಿಸಿ ಹೇಳುತ್ತೇನೆ. ಹೇಳಿ ಹೇಳಿ ನನಗೇ ಅದು ಬರೀ ಕಥೆಯಾಗಿಬಿಟ್ಟಿತ್ತು.

ಆದರೂ ಸೋಲು ಒಪ್ಪುವ ಜನ ನಾವಲ್ಲ. ಭಾನುವಾರ ನಾಲ್ಕು ಫೈಲು ಹಿಡಿದುಕೊಂಡು ಗೇಟಿನ ಕಚೇರಿಗೆ ಹೋದೆ. ಅಧಿಕಾರಿ ಎಂದಿನಂತೆ ಸದೀಕ್, ಗೆಳೆಯಾ, ಎಂದು ಕರೆದು ಕಹ್ವಾ ಎಂಬ ಅರಬ್ಬಿ ಕಾಫಿ ಬಗ್ಗಿಸಿ ಕೊಟ್ಟರು. ಫೈಲಿನ ಮಾತು ಮುಗಿದಮೇಲೆ, ನನ್ನ ಪರಿಚಯದವರೊಬ್ಬರ ಮಗಳು ಹೀಗೆ ಹೀಗೆ ಎಂದು ಎಲ್ಲವನ್ನೂ ಹೇಳಿದೆ. ತಂದೆ ಸುಮ್ಮನಿರು ಅನ್ನುತ್ತಾನೆ, ಮಗಳು ಹೇಳುತ್ತೇನೆ ಅನ್ನುತ್ತಾಳೆ, ನೀವು ಆ ದೇಶದ ಅಧಿಕಾರಿಯಾಗಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಪಾಸ್‌ಪೋರ್ಟು ಇಟ್ಟುಕೋ ಎಂದವರು ಯಾರು ಎಂದು ಕೇಳಿದರು. ತಂದೆ ಎಂದೆ.

“ಹಾಗಾದರೆ ಮಗಳು ಬರೆದರೆ ಸಾಲದು, ತಂದೆಯೂ ಬರೆಯಬೇಕು. ಅವಳೊಬ್ಬಳೇ ಹೇಳಿದರೆ ತಪ್ಪನ್ನು ತಂದೆಯ ಮೇಲೆ ಹಾಕಿದ ಹಾಗೆ ಕಾಣುತ್ತದೆ. ಆ ನಿನ್ನ ಪರಿಚಯದವನಿಗೆ ಧೈರ್ಯ ಇದೆಯಾ ಸದೀಕ್?”

ಉಂಟು ಎಂದೆ. ನನ್ನ ಮುಖ ನೋಡಿ ಅವರಿಗೆ ಏನು ಅರ್ಥವಾಯಿತೋ, ಇನ್ನೊಂದು ಕಪ್ ಕಹ್ವಾ ಬಗ್ಗಿಸಿದರು.

ಮನೆಗೆ ಬಂದವನೇ ಮಗಳಿಗೆ ಫೋನು ಮಾಡಿ, ಹೌದು ಎಂದೇ ಒತ್ತು, ಉಳಿದದ್ದು ನನಗೆ ಬಿಡು ಎಂದೆ. ಮರು ಶುಕ್ರವಾರ ಊಟದ ಮೇಜಿನ ಮೇಲೆ ನೀಲಿ ಫೈಲು ಬಿಚ್ಚಿದೆ. ಈ ಮಟ್ಟಿಗೆ ಹೇಳುತ್ತೇನೆ, ಆವತ್ತು ನಾನು ಕಟ್ಟಿದ ಹಾಗೆ ಫೈಲು ಕಟ್ಟುವವನು ಈ ಪೂರ್ವ ಪ್ರಾಂತ್ಯದಲ್ಲಿ ಇನ್ನೊಬ್ಬನಿಲ್ಲ. ಖಫ್ಜಿಯ ಮನೆಯ ಬಾಡಿಗೆ ಕರಾರು, ಶಾಲೆಯ ಟಿ.ಸಿ., ಮಂಗಳೂರಿನ ಹಾಸ್ಟೆಲಿನ ರಸೀದಿ, ಒಂದು ತಿಂಗಳೂ ತಪ್ಪಿಲ್ಲದ ಹಾಗೆ, ಅವರು ಕೇಳಿದ ಹತ್ತು ವರ್ಷಕ್ಕಿಂತಲೂ ಹಿಂದಿನಿಂದ. ಎಷ್ಟೋ ಜನರ ಅರ್ಜಿ ಸಿಕ್ಕಿಕೊಳ್ಳುವುದೇ ಇಲ್ಲಿ, ಗಲ್ಫಿನಲ್ಲಿ ಕಳೆದ ವರ್ಷಗಳಿಗೆ ಸಾಕ್ಷಿ ಇರುವುದಿಲ್ಲ. ನನ್ನ ಮಗಳಿಗೆ ಇತ್ತು. ಅದರ ಮೇಲೆ ಆ ಎರಡು ಮುದ್ರೆಗಳ ನಕಲು ಇಟ್ಟೆ. ನಾನೇ ಆಫೀಸಿಗೆ ಒಯ್ದು ತೆಗೆದ ನಕಲುಗಳು. ತಾರೀಖು ಅಷ್ಟು ಸ್ಪಷ್ಟವಾಗಿ ಬಂದಿತ್ತು, ನಮ್ಮ ಮಿಷಿನು ಒಳ್ಳೆಯದು.

ಕೊನೆಗೆ ಉಳಿದದ್ದು ನನ್ನ ಪತ್ರ. ಸಾವಿರ ಜನರಿಗೆ ಪತ್ರ ಬರೆದುಕೊಟ್ಟವನು ಒಂದು ಪುಟಕ್ಕೆ ಇಡೀ ಮಧ್ಯಾಹ್ನ ಕೂತೆ. ಮೊದಲು ಬರೆದದ್ದು ಕಂಪನಿಯ ಪತ್ರದ ಹಾಗೆ ಇತ್ತು, ಸಂದರ್ಭಗಳ ಒತ್ತಡದಿಂದ ವಿಳಂಬವಾಯಿತು ಎಂದೆಲ್ಲ. ಹೆಂಡತಿಗೆ ಓದಿ ಹೇಳಿದೆ. ಇದರಲ್ಲಿ ನೀವು ಎಲ್ಲಿದ್ದೀರಿ ಎಂದು ಕೇಳಿದಳು. ಹರಿದು ಹಾಕಿ, ಇದ್ದದ್ದನ್ನು ಬರೆದೆ. ಪಾಸ್‌ಪೋರ್ಟು ಒಪ್ಪಿಸುತ್ತೇನೆ ಎಂದು ಮಗಳು ಮೊದಲ ವಾರವೇ ಹೇಳಿದ್ದಳು. ಬೇಡ ಎಂದವನು ನಾನು. ಕಾಯ್ದೆ ನನಗೆ ಗೊತ್ತಿತ್ತು. ಅವಳು ನನ್ನ ಮಾತು ಮೀರಲಿಲ್ಲ. ಅವಳ ಹೆಸರು ನನ್ನ ಪಟ್ಟಿಯಲ್ಲಿ ಉಳಿಯಲಿ ಎಂಬ ಆಸೆ ಬಿಟ್ಟರೆ ಇದರಲ್ಲಿ ಬೇರೆ ಲಾಭ ಯಾರಿಗೂ ಇರಲಿಲ್ಲ. ಕೆಳಗೆ ಸಹಿ, ಇಕಾಮಾ ನಂಬರು, ಫೋನು ನಂಬರು. ಒಂದು ಕಡೆಯೂ ಅಡ್ಡಗೆರೆ ಇರಲಿಲ್ಲ.

ಹೆಂಡತಿಗೆ ಒಂದು ಹೆದರಿಕೆ ಇತ್ತು, ಇದರಿಂದ ನಮಗೆ ಇಲ್ಲಿ ತೊಂದರೆ ಬಂದರೆ ಎಂದು. ಬರಲಿ, ನೋಡುವಾ ಎಂದೆ. ಆ ಧೈರ್ಯ ಎಲ್ಲಿಂದ ಬಂತೋ, ಬಂತು. ಬರೆದು ಮುಗಿಸಿದ ಮೇಲೆ ಜೋರು ಹಸಿವಾಗಿತ್ತು, ಎರಡು ಸಲ ಬಡಿಸಿಕೊಂಡು ತಿಂದೆ.

ಮಗಳು ಅಲ್ಲಿ ದಂಡ ಕಟ್ಟಿ ಪಾಸ್‌ಪೋರ್ಟು ಒಪ್ಪಿಸಿದಳು. ರದ್ದು ಎಂಬ ಮುದ್ರೆ ಬಿದ್ದ ಪುಟದ ಚಿತ್ರ ಕಳಿಸಿದಳು, ಫೈಲಿಗೆ ಎಂದು. ಸೌದಿಗೆ ಮರಳಿ ಬರಲು ಅವಳಿಗಿದ್ದ ವಾಪಸು ವೀಸಾದ ಅವಧಿಯನ್ನು ನಾನು ಈ ಸಲ ಮುಂದುವರಿಸಲಿಲ್ಲ. ಅದು ಮುಗಿದ ಮೇಲೆ ಆ್ಯಪಿನಲ್ಲಿ ಅವಳ ಹೆಸರು ತೆಗೆಯುವ ಬಟನ್ ಒತ್ತಿದೆ. ನಿಮಗೆ ಖಚಿತವೇ ಎಂದು ಅದು ಕೇಳಿತು. ಹೌದು ಎಂದು ಒತ್ತಿ, ಫೋನನ್ನು ಮಗುಚಿ ಇಟ್ಟು, ಅಸರ್ ನಮಾಜಿಗೆ ಹೋದೆ. ಆವತ್ತು ಮನಸ್ಸು ಕೆಟ್ಟಿತ್ತು. ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅರ್ಜಿ ಹೋಗಿ ಐದು ತಿಂಗಳಾದಮೇಲೆ ಅವಳನ್ನು ವಿಚಾರಣೆಗೆ ಕರೆದರು. ಇಬ್ಬರು ಅಧಿಕಾರಿಗಳು, ಮೂರು ಗಂಟೆ. ಭಾರತದ ಬಗ್ಗೆ ಎರಡು ಪ್ರಶ್ನೆ, ಸೌದಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ, ಉಳಿದ ಹೊತ್ತೆಲ್ಲ ನನ್ನ ಬಗ್ಗೆ ಕೇಳಿದರಂತೆ. ನನ್ನ ಪತ್ರವನ್ನು ಅವಳ ಮುಂದೆಯೇ ಇಟ್ಟುಕೊಂಡಿದ್ದರಂತೆ. ಆವತ್ತು ಸಂಜೆ ಅವಳು ಇದನ್ನೆಲ್ಲ ಫೋನಿನಲ್ಲಿ ಹೇಳಿದಳು. ಮುಂದೆ ಹೇಳು ಎಂದೆ.

“ನಿನ್ನ ತಂದೆ ಕಾಯ್ದೆ ಗೊತ್ತಿದ್ದೂ ಬೇಡ ಅಂದರು, ನೀನು ಕೇಳಿದೆ. ನಾಳೆ ಅವರು ಇನ್ನೇನಾದರೂ ಮಾಡು ಅಂದರೆ ಏನು ಮಾಡುತ್ತೀ, ಅಂತ ಕೇಳಿದರು.”

“ನೀನು ಎಂತ ಹೇಳಿದೆ?”

“ಇನ್ನು ಕೇಳುವುದಿಲ್ಲ ಅಂದೆ. ಅವರು ನನ್ನ ಅಬ್ಬ, ದಿನಾ ಮಾತಾಡುತ್ತೇನೆ, ಆದರೆ ಆ ವಿಷಯದಲ್ಲಿ ಅವರ ಮಾತು ಕೇಳುವುದಿಲ್ಲ ಅಂದೆ. ನಿಮಗೆ ಬೇಜಾರಾಯಿತಾ ಅಬ್ಬಾ?”

ಬೇಜಾರು ಆಗದೆ ಇರುತ್ತದೆಯೇ. ಎರಡು ದೇಶದ ಪಾಸ್‌ಪೋರ್ಟು ಹಿಡಿದವಳು ಎಂದು ಕರೆಸಿದರು, ಕೊನೆಗೆ ಅವರಿಗೆ ಸಂಶಯ ಇದ್ದದ್ದು ಅವಳ ಅಬ್ಬನ ಮೇಲೆ. ನಾನು ಅವಳಿಗೆ ಅಪಾಯ ಎಂದು ಯಾರೋ ಇಬ್ಬರು ಮೂರು ಗಂಟೆ ಕೂತು ಯೋಚಿಸಿದ್ದಾರೆ. ಮುಖ ಬಿಸಿಯಾಯಿತು. ಆದರೆ ಅವರ ಜಾಗದಲ್ಲಿ ನಾನಿದ್ದರೆ? ಇಷ್ಟು ವರ್ಷ ಬೇರೆಯವರ ಫೈಲು ಕಟ್ಟಿದವನಿಗೆ ಅಷ್ಟು ನ್ಯಾಯ ಗೊತ್ತುಂಟು. ನಾನೂ ಅದನ್ನೇ ಕೇಳುತ್ತಿದ್ದೆ. ಸರಿಯಾದ ಉತ್ತರ ಕೊಟ್ಟೆ ಮಗಳೇ ಎಂದೆ. ಫೋನಿಡುವ ಮೊದಲು ಅದನ್ನೇ ಎರಡನೇ ಸಲ ಹೇಳಿದೆ.

ಅದಾಗಿ ಏಳು ವಾರ ಸದ್ದಿಲ್ಲ. ಹೆಂಡತಿ ಎರಡು ರೋಜಾ ಉಪವಾಸ ಹೆಚ್ಚು ಹಿಡಿದಳು. ನಾನು ಮಾತ್ರ ಸಿಗುತ್ತದೆ ಎಂದೇ ಎಲ್ಲರಿಗೂ ಹೇಳುತ್ತಿದ್ದೆ. ಹಾರೈಕೆಯ ಮಾತಲ್ಲ, ಫೈಲು ನೋಡಿ ಹೇಳುವವನ ಮಾತು. ಆ ಫೈಲಿನಲ್ಲಿ ಅವರು ಹುಡುಕಿ ತೆಗೆಯುವಂಥದ್ದು ಒಂದೂ ಉಳಿದಿರಲಿಲ್ಲ, ಎಲ್ಲವನ್ನೂ ನಾವೇ ಮೇಲೆ ಇಟ್ಟಿದ್ದೆವು. ಒಂದು ಸಂಜೆ ಮಗಳ ಸಂದೇಶ ಬಂತು, ಸಿಕ್ಕಿತು ಅಬ್ಬಾ, ಎರಡೇ ಶಬ್ದ. ಹೆಂಡತಿ ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತಳು. ನಾನು ಅವಳಿಗೆ ನೀರು ಕೊಡುವ ನೆಪದಲ್ಲಿ ಅಲ್ಲೇ ನಿಂತೆ.

ಈ ಚಳಿಗಾಲ ಮಗಳು ಬಂದಳು. ಈಗ ಅವಳಿಗೆ ನನ್ನ ಇಕಾಮಾ ಬೇಡ, ಕಫೀಲನೂ ಬೇಡ. ಕೆನಡಾದ ಪಾಸ್‌ಪೋರ್ಟು ಇದ್ದವರಿಗೆ ಪ್ರವಾಸಿ ವೀಸಾ ಆನ್‌ಲೈನಿನಲ್ಲಿ, ಚಹಾ ಕುದಿಯುವಷ್ಟು ಹೊತ್ತಿನಲ್ಲಿ ಬರುತ್ತದೆ. ನಾನು ವರ್ಷಗಟ್ಟಲೆ ಹೆದರಿದ್ದು ಇದಕ್ಕೇನಾ ಎಂದು ನನ್ನ ಮೇಲೆ ನನಗೇ ನಗು ಬಂತು. ದಮ್ಮಾಮಿನಲ್ಲಿ ಪ್ರವಾಸಿಗಳ ಸಾಲಿನಿಂದ ಹೊರಬಂದಳು. ಖಫ್ಜಿಯ ದಾರಿಯಲ್ಲಿ ಯಾವ ಪೆಟ್ರೋಲ್ ಬಂಕಿನ ಚಹಾ ಒಳ್ಳೆಯದು ಎಂದು ನನಗೇ ಹೇಳುವ ಪ್ರವಾಸಿ.

ಮರುದಿನ ಅಭ್ಯಾಸಬಲದಿಂದ ನೀಲಿ ಫೈಲು ತಂದು ಅವಳ ಮುಂದೆ ಕೂತೆ. ಪಾಸ್‌ಪೋರ್ಟು ಕೊಟ್ಟಳು, ಹೊಸ ವೀಸಾ ಕೊಟ್ಟಳು. ಇನ್ನು ಆ ಕ್ಲಿಯರೆನ್ಸಿನ ಪತ್ರ, ನೇಮಕದ ಆದೇಶ ಎಂದೆ.

ಅವಳು ಚಹಾದ ಲೋಟ ಕೆಳಗಿಟ್ಟಳು. “ಅದು ಕೊಡುವ ಹಾಗಿಲ್ಲ ಅಬ್ಬಾ. ತೋರಿಸುವ ಹಾಗೂ ಇಲ್ಲ. ಎಂತ ಕೆಲಸ ಅಂತ ಸಹ ಹೇಳುವ ಹಾಗಿಲ್ಲ.”

“ನನಗೂ?”

“ನಿಮಗೇ ಮೊದಲು.”

ಹೆಂಡತಿ ನನ್ನ ಮುಖ ನೋಡಿದಳು, ಈಗ ಸಿಡಿಯುತ್ತಾರೆ ಎಂದು. ಸಿಡಿಯಲಿಲ್ಲ. ಹುಟ್ಟಿದಂದಿನಿಂದ ಅವಳ ಒಂದೇ ಒಂದು ಕಾಗದ ನನ್ನ ಕೈ ತಪ್ಪಿದ್ದಿಲ್ಲ. ಇದೊಂದು ತಪ್ಪಿತು. ನೋವಾಯಿತು, ಅದರ ಬೆನ್ನಿಗೇ ಎದೆಯುಬ್ಬಿತು. ಎರಡೂ ಒಟ್ಟಿಗೆ ಆಗುತ್ತದೆ ಎಂದು ನನಗೆ ಅಷ್ಟು ದಿನ ಗೊತ್ತಿರಲಿಲ್ಲ. ಪಾಸ್‌ಪೋರ್ಟಿನ ನಕಲನ್ನು ಸೇರಿಸಿ, ಫೈಲಿನ ದಾರ ಕಟ್ಟಿ, ಕಪಾಟಿನಲ್ಲಿ ಇಟ್ಟೆ. ಆಮೇಲೆ ಮೂವರೂ ಸಮುದ್ರದ ಕಡೆ ನಡೆದು ಬಂದೆವು.

ಅವಳು ವಾಪಸು ಹೋದ ವಾರ ನಾನು ಫೈಲುಗಳೊಂದಿಗೆ ಗೇಟಿನ ಕಚೇರಿಯಲ್ಲಿದ್ದೆ. ಅಧಿಕಾರಿ ಎಲ್ಲಕ್ಕೂ ಮುದ್ರೆ ಒತ್ತಿ, ಕಹ್ವಾ ಬಗ್ಗಿಸಿ, ಎಂದೋ ಕೇಳಿದ್ದನ್ನು ನೆನಪಿಟ್ಟುಕೊಂಡು, ಆ ನಿನ್ನ ಪರಿಚಯದವನ ಮಗಳಿಗೆ ಕೆಲಸ ಸಿಕ್ಕಿತಾ ಎಂದು ಕೇಳಿದರು. ಸಿಕ್ಕಿತು ಎಂದೆ.

“ಎಂಥ ಕೆಲಸ?”

“ತಂದೆಗೂ ಗೊತ್ತಿಲ್ಲ,” ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಎದ್ದು ನಿಂತು, ಮೇಜಿನ ಆಚೆಯಿಂದ ಎರಡೂ ಕೈಗಳಲ್ಲಿ ನನ್ನ ಕೈ ಹಿಡಿದುಕೊಂಡರು.

“ಮಬ್ರೂಕ್,” ಎಂದರು. “ತಂದೆಗೆ ಹೇಳು.”